ಪ್ಲಾಸ್ಮಾದಲ್ಲಿ ಕತ್ತರಿಸಿಹೋಗುವ ಒತ್ತಕ್ಷರ: ಮೂಲ ಕೋಡಿನಲ್ಲೇ ಸರಿಪಡಿಸುವುದು ಹೇಗೆ

ಫೈಲ್ ಪಟ್ಟಿಯಲ್ಲಿ ‘ಮದ್ದೂರು’ ಎಂಬ ಫೋಲ್ಡರಿನ ದ ಒತ್ತು ಅರ್ಧ ಮಾತ್ರ ಕಂಡರೆ ಹೆಚ್ಚಿನವರು ಫಾಂಟ್ ಬದಲಿಸಿ ಸುಮ್ಮನಾಗುತ್ತಾರೆ. ಕೆಡಿಇ ಸಮುದಾಯ ಲಿನಕ್ಸ್‌ಗೆ ರೂಪಿಸುವ ಪ್ಲಾಸ್ಮಾ ಡೆಸ್ಕ್‌ಟಾಪಿಗೆ ಬಿಡುವಿನ ವೇಳೆಯಲ್ಲಿ ಕೋಡ್ ಬರೆದ ಅನುಭವದಿಂದ ಹೇಳುವುದಾದರೆ, ಇದನ್ನು ಮೂಲದಲ್ಲೇ ಸರಿಪಡಿಸಬೇಕು. ಕೋಡ್ ಪರಿಶೀಲಿಸುವವರಲ್ಲಿ ಬಹುತೇಕರಿಗೆ ಕನ್ನಡ ಓದಲು ಬಾರದು. ಒತ್ತು ಕಾಣೆಯಾದರೂ ಅವರ ಕಣ್ಣಿಗೆ ಅದು ತಪ್ಪೆಂದು ತೋರುವುದಿಲ್ಲ. ಮೈಸೂರು, ಮಂಡ್ಯದಲ್ಲಿ ದಿನವೂ ಕನ್ನಡದಲ್ಲಿ ಫೈಲ್ ಹೆಸರಿಡುವ ನಾವೇ ನೋಡಿ ಹೇಳಬೇಕು.

ಮೊದಲು ಬೇಕಾದದ್ದು ಪರೀಕ್ಷೆಗೆ ಒಂದಷ್ಟು ಹೆಸರು. ನಾನು ಬಳಸುವುದು ಮಂಡ್ಯ ಜಿಲ್ಲೆಯ ಏಳು ತಾಲ್ಲೂಕುಗಳ ಹೆಸರಿನ ಫೋಲ್ಡರ್‌ಗಳನ್ನು. ಮಂಡ್ಯ, ಮದ್ದೂರು, ಮಳವಳ್ಳಿ, ಶ್ರೀರಂಗಪಟ್ಟಣ, ಕೃಷ್ಣರಾಜಪೇಟೆ ಇವುಗಳಲ್ಲಿ ಒತ್ತು ಇದೆ. ಪಾಂಡವಪುರ, ನಾಗಮಂಗಲದಲ್ಲಿ ಇಲ್ಲ. ಆದ್ದರಿಂದ ಕೊನೆಯ ಎರಡನ್ನು ಹೋಲಿಕೆಗೆ ಇಟ್ಟುಕೊಳ್ಳಬಹುದು. ಜೊತೆಗೆ ‘ಮೈಸೂರು’ ಇರಲಿ. ಒತ್ತಕ್ಷರವಿಲ್ಲದಿದ್ದರೂ ಐತ್ವದ ಗುರುತು ಗೆರೆಯ ಕೆಳಗಿಳಿಯುತ್ತದೆ. ಎರಡು ಒತ್ತು ಒಟ್ಟಿಗೆ ಬರುವ ‘ರಾಷ್ಟ್ರ’, ‘ಶಾಸ್ತ್ರ’ ಕೂಡ ಬೇಕು. ಒಂದು ಒತ್ತಿಗೆ ಸಾಕಾಗುವ ಜಾಗ ಎರಡಕ್ಕೆ ಸಾಲದ ಕಡೆಗಳು ಸಿಗುತ್ತವೆ. ಫೈಲ್ ಹೆಸರುಗಳಲ್ಲೇ ಪರೀಕ್ಷಿಸುವುದರಿಂದ ಡೆಸ್ಕ್‌ಟಾಪಿನ ಭಾಷೆಯನ್ನು ಕನ್ನಡಕ್ಕೆ ಬದಲಿಸುವ ಅಗತ್ಯವೇ ಬರುವುದಿಲ್ಲ.

ಮುಂದಿನ ಪ್ರಶ್ನೆ, ತಪ್ಪು ಯಾವ ಪದರದಲ್ಲಿದೆ ಎಂಬುದು. ಇದನ್ನು ತಿಳಿಯದೆ ದೂರು ಸಲ್ಲಿಸಿದರೆ ಅದು ಒಂದು ಯೋಜನೆಯಿಂದ ಇನ್ನೊಂದಕ್ಕೆ ಅಲೆಯುತ್ತಲೇ ಇರುತ್ತದೆ. ಕನ್ನಡಕ್ಕೆ ಸಿಸ್ಟಂ ಯಾವ ಫಾಂಟ್ ಆರಿಸಿದೆ ಎಂದು ಎಫ್‌ಸಿ-ಮ್ಯಾಚ್ ಆಜ್ಞೆಯಿಂದ ನೋಡಿ. ಡಿಸ್ಟ್ರೋಗೆ (ಲಿನಕ್ಸ್‌ನ ಯಾವ ಬಗೆ ಎಂಬುದಕ್ಕೆ) ತಕ್ಕಂತೆ ನೋಟೊ ಸಾನ್ಸ್ ಕನ್ನಡ, ಲೋಹಿತ್, ಗುಬ್ಬಿ ಹೀಗೆ ಯಾವುದಾದರೂ ಬರಬಹುದು. ಅದೇ ಫಾಂಟ್ ಫೈಲನ್ನೂ ಅದೇ ಪದವನ್ನೂ ಎಚ್‌ಬಿ-ವ್ಯೂಗೆ ಕೊಡಿ. ಅಕ್ಷರ, ಒತ್ತುಗಳನ್ನು ಜೋಡಿಸುವ ಲೈಬ್ರರಿಯಾದ ಹಾರ್ಫ್‌ಬಝ್ ಜೊತೆಗೆ ಬರುವ ಈ ಸಣ್ಣ ಸಾಧನ ಡೆಸ್ಕ್‌ಟಾಪಿನ ಹಂಗಿಲ್ಲದೆ ಪದವನ್ನು ಚಿತ್ರವಾಗಿ ಬಿಡಿಸುತ್ತದೆ. ಒತ್ತು ಅಲ್ಲೇ ತಪ್ಪಾಗಿದ್ದರೆ ದೋಷ ಸಾಮಾನ್ಯವಾಗಿ ಫಾಂಟಿನದ್ದು. ಅಲ್ಲಿ ಸರಿಯಿದ್ದರೆ, ಎತ್ತರವನ್ನೇ ನಮೂದಿಸದ ಒಂದು ಟೆಕ್ಸ್ಟ್ ಅಂಶವಿರುವ ಹತ್ತು ಸಾಲಿನ ಕ್ಯೂಎಂಎಲ್ (ಪರದೆಯ ವಿನ್ಯಾಸ ಬರೆಯುವ ಭಾಷೆ) ಫೈಲ್ ಬರೆದು ಓಡಿಸಿ. ಇಲ್ಲಿ ಕೆಟ್ಟರೆ, ಪ್ಲಾಸ್ಮಾಕ್ಕೆ ಬುನಾದಿಯಾದ ಕ್ಯೂಟಿ ಲೈಬ್ರರಿಯ ದೋಷ. ಅದಕ್ಕೆ ದೂರು ಸಲ್ಲಿಸುವ ಜಾಗವೂ ಪರಿಶೀಲನೆಯ ವ್ಯವಸ್ಥೆಯೂ ಬೇರೆ. ಇಲ್ಲೂ ಸರಿಯಾಗಿ ಕಂಡರೆ ದೋಷ ಕೆಡಿಇಯದ್ದು. ನಾನು ನೋಡಿದ ಕತ್ತರಿಕೆಗಳಲ್ಲಿ ಹೆಚ್ಚಿನವು ಇಲ್ಲೇ ಸಿಕ್ಕಿವೆ.

ಕಾರಣ ಇಷ್ಟು. ಡೆಸ್ಕ್‌ಟಾಪಿಗೆ ಆರಿಸಿದ ಮುಖ್ಯ ಫಾಂಟ್ ಸಾಮಾನ್ಯವಾಗಿ ಲ್ಯಾಟಿನ್ ಅಕ್ಷರಗಳದ್ದು. ಕನ್ನಡ ಬಂದಾಗ ಕ್ಯೂಟಿ ಬದಲಿ ಫಾಂಟ್ ಹುಡುಕಿ ಬಳಸುತ್ತದೆ. ಆದರೆ ಫಾಂಟಿನ ಅಳತೆ ಹೇಳುವ ಫಾಂಟ್‌ಮೆಟ್ರಿಕ್ಸ್ ಕೊಡುವ ಸಾಲಿನ ಎತ್ತರ ಮುಖ್ಯ ಫಾಂಟಿನದ್ದು, ಬದಲಿ ಫಾಂಟಿನದ್ದಲ್ಲ. ಕೆಡಿಇಯ ವಿನ್ಯಾಸ ಲೈಬ್ರರಿಯಾದ ಕಿರಿಗಾಮಿಯಲ್ಲಿ ಅಂತರಗಳಿಗೆ ಬಳಸುವ ಮೂಲ ಅಳತೆ, ಗ್ರಿಡ್‌ಯುನಿಟ್, ಕೂಡ ಮುಖ್ಯ ಫಾಂಟಿನಿಂದಲೇ ಹುಟ್ಟುತ್ತದೆ. ಯಾರಾದರೂ ಪಟ್ಟಿಯ ಸಾಲಿಗೆ ಇಂಥ ಅಳತೆಯಿಂದ ಎತ್ತರ ಗಟ್ಟಿಮಾಡಿ, ಮೇಲೆ ಕ್ಲಿಪ್ (ಚೌಕಟ್ಟಿನಾಚೆಗಿನದನ್ನು ಕತ್ತರಿಸುವ ಸೂಚನೆ) ಹಾಕಿದರೆ ಇಂಗ್ಲಿಷಿಗೆ ಅಂದವಾಗಿ ಕೂರುತ್ತದೆ, ನಮ್ಮ ಒತ್ತು ಹೊರಗುಳಿಯುತ್ತದೆ. ಟೆಕ್ಸ್ಟ್ ಅಂಶದ ಇಂಪ್ಲಿಸಿಟ್‌ಹೈಟ್ ಮಾತ್ರ ನಿಜವಾಗಿ ಜೋಡಿಸಿದ ಪಠ್ಯವನ್ನು ಅಳೆದು ಬರುವ ಸಂಖ್ಯೆ. ಬದಲಿ ಫಾಂಟಿನ ಆಳವೂ ಅದರಲ್ಲಿ ಸೇರಿರುತ್ತದೆ.

ಹಳೆಯ ವಿಜೆಟ್ ಮಾದರಿಯ ಕಿಟಕಿಗಳಲ್ಲಿ ಇನ್ನೊಂದು ಬಗೆ ಇದೆ. ಟ್ರೀವ್ಯೂ ಎಂಬ ಪಟ್ಟಿಯಲ್ಲಿ ಯೂನಿಫಾರ್ಮ್‌ರೋಹೈಟ್ಸ್ ಆಯ್ಕೆ ಆನ್ ಆಗಿದ್ದರೆ ಮೊದಲ ಸಾಲಿನ ಎತ್ತರವೇ ಎಲ್ಲ ಸಾಲುಗಳಿಗೂ ಅನ್ವಯವಾಗುತ್ತದೆ. ಮೊದಲ ಸಾಲು ಕನ್ನಡವಾದರೆ ಎಲ್ಲವೂ ಸರಿ, ಇಂಗ್ಲಿಷ್ ಆದರೆ ಕೆಳಗಿನ ಕನ್ನಡವೆಲ್ಲ ಮೊಟಕು. ‘ಕೆಲವೊಮ್ಮೆ ಮಾತ್ರ ಹೀಗಾಗುತ್ತದೆ’ ಎಂಬ ದೂರುಗಳನ್ನು ಓದುವಾಗ ನಾನು ಮೊದಲು ಹುಡುಕುವುದು ಇದನ್ನೇ. ಆದ್ದರಿಂದ ಪರೀಕ್ಷೆಯ ಪಟ್ಟಿಯಲ್ಲಿ ಇಂಗ್ಲಿಷ್ ಹೆಸರಿನ ಫೋಲ್ಡರ್ ಒಂದು ಮೇಲೆಯೇ ಇರಬೇಕು.

ತಪ್ಪಿನ ಸಾಲು ಹುಡುಕಲು ಕ್ಯೂಟಿ ಪ್ರೋಗ್ರಾಂಗಳ ಒಳಗನ್ನು ತೋರಿಸುವ ಗಾಮಾರೇ ಸಾಧನ ಒಳ್ಳೆಯದು. ಓಡುತ್ತಿರುವ ಪ್ರೋಗ್ರಾಂನ ಅಂಶವನ್ನು ಆರಿಸಿದರೆ ಅದರ ಹೈಟ್, ಇಂಪ್ಲಿಸಿಟ್‌ಹೈಟ್ ಎರಡನ್ನೂ ತೋರಿಸುತ್ತದೆ. ಮೊದಲನೆಯದು ಎರಡನೆಯದಕ್ಕಿಂತ ಕಡಿಮೆ ಇರುವ ಕಡೆಯೇ ನಿಮ್ಮ ಕೆಲಸ. ಗಟ್ಟಿ ಎತ್ತರವನ್ನು ತೆಗೆದು, ಹಳೆಯ ಅಳತೆ ಮತ್ತು ಇಂಪ್ಲಿಸಿಟ್‌ಹೈಟ್ ಎರಡರಲ್ಲಿ ದೊಡ್ಡದನ್ನು ತೆಗೆದುಕೊಳ್ಳುವಂತೆ ಬರೆಯಿರಿ. ಆಗ ಇಂಗ್ಲಿಷ್ ಬಳಸುವವರ ಪರದೆಯಲ್ಲಿ ಒಂದು ಪಿಕ್ಸೆಲ್ ಕೂಡ ಅಲುಗುವುದಿಲ್ಲ. ಪರಿಶೀಲಕರು ಒಪ್ಪಲು ಇದಕ್ಕಿಂತ ದೊಡ್ಡ ಕಾರಣ ಬೇಡ. ಎತ್ತರಕ್ಕೆ ಸುಮ್ಮನೆ ನಾಲ್ಕು ಪಿಕ್ಸೆಲ್ ಕೂಡಿಸುವ ತೇಪೆ ಬೇಡವೇ ಬೇಡ. ಫಾಂಟಿನ ಗಾತ್ರ ಹೆಚ್ಚಿಸಿದರೆ ಅದು ಮತ್ತೆ ಸಾಲದೆ ಬರುತ್ತದೆ.

ತಿದ್ದಿದ ಕೋಡನ್ನು ಬಿಲ್ಡ್ ಮಾಡಲು, ಅಂದರೆ ಓಡುವ ಪ್ರೋಗ್ರಾಂ ಆಗಿ ಕಟ್ಟಲು, ಕೆಡಿಇ-ಬಿಲ್ಡರ್ ಸಾಧನ ಸಾಕು. ಇಡೀ ಪ್ಲಾಸ್ಮಾ ಕಟ್ಟುವುದು ಬೇಡ. ಫೆಡೋರಾ, ಟಂಬಲ್‌ವೀಡ್, ಆರ್ಚ್ ಥರದ ಹೊಸ ಲೈಬ್ರರಿಗಳಿರುವ ಡಿಸ್ಟ್ರೋದಲ್ಲಿ ಅವಲಂಬನೆಗಳನ್ನು ಬಿಟ್ಟು ಬೇಕಾದ ಒಂದೇ ಪ್ರೋಗ್ರಾಂ ಕಟ್ಟಬಹುದು. ಡೆಬಿಯನ್ ಸ್ಟೇಬಲ್‌ನಲ್ಲಿ ಸಾಮಾನ್ಯವಾಗಿ ಕಟ್ಟುವ ಮುಂಚಿನ ಸಿದ್ಧತೆಯಾದ ಸಿಮೇಕ್ ಹಂತದಲ್ಲೇ ‘ಫ್ರೇಮ್‌ವರ್ಕ್ಸ್ (ಕೆಡಿಇಯ ಲೈಬ್ರರಿಗಳ) ಆವೃತ್ತಿ ಹಳೆಯದು’ ಎಂದು ನಿಲ್ಲುತ್ತದೆ. 8 ಜಿಬಿ ರ‍್ಯಾಮ್ ಇರುವ ಲ್ಯಾಪ್‌ಟಾಪಿನಲ್ಲಿ ಒಟ್ಟಿಗೆ ಓಡುವ ಕಂಪೈಲ್ ಕೆಲಸಗಳನ್ನು ಎರಡು ಮೂರಕ್ಕೆ ಇಳಿಸಿ. ಇಲ್ಲದಿದ್ದರೆ ಮೆಮೊರಿ ಮುಗಿದು ಕಂಪೈಲರ್ ‘ಕಿಲ್ಡ್’ ಎಂದು ನಿಲ್ಲುತ್ತದೆ. ಕೋಡಿನಲ್ಲಿ ತಪ್ಪು ಹುಡುಕಿ ಪ್ರಯೋಜನವಿಲ್ಲ. ನಡುವೆ ಕರೆಂಟು ಹೋದರೆ ಗಾಬರಿ ಬೇಡ, ಕಂಪೈಲ್ ನಡೆಸುವ ನಿಂಜಾ ಎಂಬ ಸಾಧನ ಆಗಿರುವಷ್ಟನ್ನು ಬಿಟ್ಟು ಉಳಿದದ್ದನ್ನು ಮುಂದುವರಿಸುತ್ತದೆ. ಕೋಡನ್ನು ಇಳಿಸಿಕೊಳ್ಳುವ ಮೊದಲ ಗಿಟ್ ಕ್ಲೋನ್ ಮಾತ್ರ ಅರ್ಧಕ್ಕೆ ನಿಂತರೆ ಮತ್ತೆ ಮೊದಲಿನಿಂದ. ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಅದಕ್ಕೆ ಕೈಹಾಕದೆ ಒಳ್ಳೆಯ ಬ್ರಾಡ್‌ಬ್ಯಾಂಡ್ ಇರುವ ಕಡೆ ಮುಗಿಸಿಕೊಳ್ಳಿ.

ಬದಲಾವಣೆ ಕಳಿಸುವುದು ಕೆಡಿಇಯ ಕೋಡ್ ತಾಣವಾದ (ಗಿಟ್‌ಲ್ಯಾಬ್) ಇನ್ವೆಂಟ್ ಮೂಲಕ. ಒಂದು ಮರ್ಜ್ ರಿಕ್ವೆಸ್ಟಿನಲ್ಲಿ (ಬದಲಾವಣೆ ಸೇರಿಸಿಕೊಳ್ಳುವಂತೆ ಮಾಡುವ ಕೋರಿಕೆ) ಒಂದೇ ತಿದ್ದುಪಡಿ ಇರಲಿ. ಮುಂಚಿನ ಹಾಗೂ ನಂತರದ ಸ್ಕ್ರೀನ್‌ಶಾಟ್ ಎರಡನ್ನೂ ಹಾಕಿ, ಕಾಣೆಯಾದ ಒತ್ತಿನ ಜಾಗಕ್ಕೆ ಕೆಂಪು ಬಾಣ ಎಳೆಯಿರಿ. ಪದದ ಯೂನಿಕೋಡ್ ಸಂಖ್ಯೆಗಳ ಸರಣಿಯನ್ನೂ ಕೊಟ್ಟರೆ ಅವರು ತಮ್ಮ ಯಂತ್ರದಲ್ಲಿ ಅದನ್ನೇ ಮರುಕಳಿಸಿ ನೋಡಬಲ್ಲರು. ತೆಲುಗು, ಖ್ಮೇರ್, ಟಿಬೆಟನ್ ಲಿಪಿಗಳಲ್ಲೂ ಅಕ್ಷರಗಳು ಕೆಳಗಿಳಿಯುತ್ತವೆ. ಆ ಲಿಪಿಗಳ ಒಂದೊಂದು ಪದವನ್ನು ಹಾಕಿ ನೋಡಿ ಫಲಿತಾಂಶ ಬರೆದರೆ ತಿದ್ದುಪಡಿಯ ತೂಕ ಹೆಚ್ಚುತ್ತದೆ. ದೂರಿನ ಸಂಖ್ಯೆಯನ್ನು ಕಮಿಟ್ ಸಂದೇಶದಲ್ಲಿ ‘ಬಗ್’ ಎಂಬ ಗುರುತಿನ ಮುಂದೆ ಬರೆದರೆ ಮರ್ಜ್ ಆದಾಗ ದೂರು ತಾನೇ ಮುಚ್ಚುತ್ತದೆ. ವಾರ ಕಳೆದರೂ ಉತ್ತರ ಬರದಿದ್ದರೆ ವಿನಯದಿಂದ ಒಂದು ಸಾಲು ಬರೆದು ನೆನಪಿಸುವುದರಲ್ಲಿ ತಪ್ಪಿಲ್ಲ. ಅತ್ತ ಕಡೆಯವರಲ್ಲೂ ಎಷ್ಟೋ ಜನ ಸ್ವಯಂಸೇವಕರೇ.

ವಿಚಿತ್ರವಾಗಿ ಕಾಣುವುದೆಲ್ಲ ದೋಷವಲ್ಲ. ಬ್ಯಾಕ್‌ಸ್ಪೇಸ್ ಒತ್ತಿದರೆ ‘ಸ್ತ್ರೀ’ ಪೂರ್ತಿ ಹೋಗದೆ ‘ಈ’ ಸ್ವರದ ಗುರುತು ಮಾತ್ರ ಹೋಗುತ್ತದೆ ಎಂದು ದೂರು ಸಲ್ಲಿಸಬೇಡಿ. ಅದು ಉದ್ದೇಶಪೂರ್ವಕ, ಟೈಪ್ ಮಾಡುವವರಿಗೆ ಅನುಕೂಲವೂ ಹೌದು.

ಪ್ಲಾಸ್ಮಾ ಹೊಸ ಆವೃತ್ತಿ ಬಂದಮೇಲೆ ಅದರ ದೋಷ ಪರಿಹಾರದ ಬಿಡುಗಡೆಗಳು ಒಂದು, ಒಂದು, ಎರಡು, ಮೂರು, ಐದು ವಾರಗಳ ಅಂತರದಲ್ಲಿ ಬರುತ್ತವೆ. ತಿದ್ದುಪಡಿ ಮುಂದಿನ ಆವೃತ್ತಿ ತಯಾರಾಗುವ ಮಾಸ್ಟರ್ ಶಾಖೆಗೆ ಸೇರಿದ ಮೇಲೆ, ಅದೊಂದನ್ನೇ ಆರಿಸಿ (ಚೆರಿ-ಪಿಕ್ ಮಾಡಿ) ಈಗ ಬಳಕೆಯಲ್ಲಿರುವ ಆವೃತ್ತಿಯ ಸ್ಟೇಬಲ್ ಶಾಖೆಗೂ ಹಾಕಲು ಕೇಳಿ, ಇಲ್ಲದಿದ್ದರೆ ಬಳಕೆದಾರರು ತಿಂಗಳುಗಟ್ಟಲೆ ಕಾಯಬೇಕು. ದೀರ್ಘಾವಧಿ ಡಿಸ್ಟ್ರೋ ಹಾಕಿರುವ ಶಾಲೆಯ ಲ್ಯಾಬುಗಳಿಗೆ ಅದೂ ಬೇಗ ತಲುಪುವುದಿಲ್ಲ. ಅಂಥ ಕಡೆ ಸಿಸ್ಟಂ ಸೆಟ್ಟಿಂಗ್ಸ್‌ನಲ್ಲಿ ಮುಖ್ಯ ಫಾಂಟನ್ನೇ ನೋಟೊ ಸಾನ್ಸ್ ಕನ್ನಡಕ್ಕೆ ಬದಲಿಸಿದರೆ ಅಳತೆಗಳೆಲ್ಲ ಕನ್ನಡ ಫಾಂಟಿನಿಂದ ಬಂದು ಸಾಲುಗಳು ತಾವೇ ಎತ್ತರವಾಗುತ್ತವೆ. ಕೋಡ್ ಪರೀಕ್ಷಿಸುವ ಯಂತ್ರದಲ್ಲಿ ಮಾತ್ರ ಈ ಬದಲಾವಣೆ ಮಾಡಬೇಡಿ, ಹುಡುಕಬೇಕಾದ ದೋಷವೇ ಮರೆಯಾಗುತ್ತದೆ.