ಮಾವನ ವಾಲ್ವ್ ಸೆಟ್ಟು: ಮುಪ್ಪು ಯಾವುದು, ಸ್ವಭಾವ ಯಾವುದು

ಸೋದರಮಾವನ ಅಟ್ಟದಿಂದ ಆ ವಾಲ್ವ್ (ಟ್ರಾನ್ಸಿಸ್ಟರಿನ ಹಿಂದಿನ ಕಾಲದ ಗಾಜಿನ ಕೊಳವೆ) ಆಂಪ್ಲಿಫೈಯರನ್ನೂ ಎರಡು ಸ್ಪೀಕರ್ ಪೆಟ್ಟಿಗೆಗಳನ್ನೂ ಇಳಿಸಿದ ಕೂಡಲೇ ಮಾವ ಕೇಳಿದರು, "ಪ್ಲಗ್ ಹಾಕಿ ನೋಡೋಣವೇನೋ?" ನಾನು ಬೇಡವೇ ಬೇಡ ಎಂದೆ. ಎಷ್ಟೋ ವರ್ಷ ಮಲಗಿದ್ದ ಸೆಟ್ಟಿಗೆ ಒಮ್ಮೆಲೇ ಕರೆಂಟು ಕೊಟ್ಟರೆ ವಿದ್ಯುತ್ ಕೂಡಿಡುವ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಒಣಗಿದ್ದರೆ ಶಾರ್ಟ್ ಆಗಿ, ಜೊತೆಗೆ ಮೇನ್ಸ್ ಟ್ರಾನ್ಸ್‌ಫಾರ್ಮರನ್ನೂ ಸುಟ್ಟುಕೊಂಡು ಹೋಗಬಹುದು. ಕೆಪಾಸಿಟರ್ ಹೊಸದು ಸಿಗುತ್ತದೆ, ಆ ಟ್ರಾನ್ಸ್‌ಫಾರ್ಮರ್ ಸಿಗುವುದಿಲ್ಲ.

ಮಾವನಿಗೆ ಆ ಸೆಟ್ಟಿನ ಮೇಲೆ ಅಭಿಮಾನ. "ಹತ್ತಿಯಂಥ ಮೆತ್ತನೆ ದನಿ ಕಣೋ ಅದರದ್ದು, ಈಗಿನವು ಬರೀ ಕಿರುಚುತ್ತವೆ" ಎನ್ನುವುದು ಅವರ ಹಳೆಯ ಮಾತು. ರಿಪೇರಿ ಮುಗಿಯುವ ಹೊತ್ತಿಗೆ ಆ ಮೆತ್ತನೆಯಲ್ಲಿ ಎಷ್ಟು ಪಾಲು ಸೆಟ್ಟಿನ ಸ್ವಭಾವ, ಎಷ್ಟು ಪಾಲು ಬರೀ ಮುಪ್ಪು ಎಂಬುದೇ ನನಗೆ ದೊಡ್ಡ ತಲೆನೋವಾಯಿತು.

ಆಂಪ್ಲಿಫೈಯರಿನಲ್ಲಿ ಇದ್ದ ವಾಲ್ವುಗಳು ಸ್ಪೀಕರಿಗೆ ಶಕ್ತಿ ಕೊಡುವ ನಾಲ್ಕು ಇಎಲ್84, ಅವಕ್ಕೂ ಮುಂಚಿನ ಹಂತಗಳಿಗೆ ಇಸಿಸಿ83ಗಳು, ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರ್ ಆಗಿ ಒಂದು ಜಿಝಡ್34. ಚಾನಲ್ಲಿಗೆ ಎರಡು ಇಎಲ್84 ಪುಷ್-ಪುಲ್ (ಒಂದು ತಳ್ಳಿದರೆ ಇನ್ನೊಂದು ಎಳೆಯುವ ಜೋಡಿ), ಹತ್ತು ವ್ಯಾಟ್ ಚಿಲ್ಲರೆ. ಮುಲ್ಲಾರ್ಡ್ ಕಂಪನಿ 1950ರ ದಶಕದಲ್ಲಿ ಪ್ರಕಟಿಸಿದ, ಐದು ವಾಲ್ವಿನ ಹತ್ತು ವ್ಯಾಟಿನ '5-10' ಸರ್ಕ್ಯೂಟಿನ ಸಂಬಂಧಿ ಎನ್ನಬಹುದು. ನಕ್ಷೆ ಸಿಗದಿದ್ದರಿಂದ ತಗಡಿನ ತಳವನ್ನು, ಅಂದರೆ ಚಾಸಿಯನ್ನು, ಬೋರಲು ಹಾಕಿ ಎರಡು ಸಂಜೆ ಕೂತು ನಾನೇ ಬರೆದುಕೊಂಡೆ. ಬೇಸರದ ಕೆಲಸವೇ, ಆದರೆ ಆಮೇಲೆ ಸಿಕ್ಕ ಪ್ರತಿ ದೋಷವೂ ಆ ಹಾಳೆಯ ಮೇಲೆಯೇ ಸಿಕ್ಕಿತು. ವಾಲ್ವುಗಳನ್ನು ತೆಗೆದು ನೋಡಿದಾಗ ಒಂದು ಇಸಿಸಿ83ರ ತಲೆಯಲ್ಲಿ ಕನ್ನಡಿಯಂತೆ ಹೊಳೆಯಬೇಕಾದ ಲೇಪ ಹಾಲಿನಂತೆ ಬಿಳಿಚಿಕೊಂಡಿತ್ತು. ಗಾಳಿ ಒಳಹೊಕ್ಕಿದೆ ಎಂದರ್ಥ. ಅದು ನೇರ ಕಸದ ಬುಟ್ಟಿಗೆ.

ಕೈ ಹಾಕುವವರಿಗೆ ಒಂದು ಮಾತು. ಈ ಸೆಟ್ಟುಗಳಲ್ಲಿ 300 ವೋಲ್ಟಿಗೂ ಮೇಲ್ಪಟ್ಟ ಡಿಸಿ ಇರುತ್ತದೆ, ಪ್ಲಗ್ ಕಿತ್ತ ಮೇಲೂ ಕೆಪಾಸಿಟರಿನಲ್ಲಿ ಉಳಿದಿರುತ್ತದೆ. ಕೆಲವು ಸಾವಿರ ಓಮಿನ ದಪ್ಪ ರೆಸಿಸ್ಟರ್ ಒಂದಕ್ಕೆ ಕ್ಲಿಪ್ ಕಟ್ಟಿ ಇಟ್ಟುಕೊಂಡಿದ್ದೇನೆ. ಪ್ರತಿ ಸಲ ಅದರಿಂದ ಖಾಲಿ ಮಾಡಿ, ಮೀಟರಿನಲ್ಲಿ ಸೊನ್ನೆ ಕಂಡ ಮೇಲೆಯೇ ಬೆರಳು ಒಳಗೆ. ಸೆಟ್ಟು ಚಾಲೂ ಇರುವಾಗ ಅಳೆಯಬೇಕಾದರೆ ಎಡಗೈ ಜೇಬಿನಲ್ಲಿ. ಎರಡು ಕೈ ಒಳಗಿದ್ದರೆ ಕರೆಂಟು ಎದೆಯ ಮೂಲಕ ದಾರಿ ಹುಡುಕುತ್ತದೆ. ಇದನ್ನು ಓದಿ "ಗೊತ್ತು ಬಿಡಿ" ಅನ್ನಿಸಿದವರು ಇನ್ನೊಮ್ಮೆ ಓದಿಕೊಳ್ಳಲಿ.

ಮೊದಲ ಸಲ ಕರೆಂಟು ಕೊಟ್ಟದ್ದು 60 ವ್ಯಾಟಿನ ಹಳೆಯ ಕಾಲದ ಫಿಲಮೆಂಟ್ ಬಲ್ಬನ್ನು ಮೇನ್ಸಿಗೆ ಸರಣಿಯಲ್ಲಿ ಜೋಡಿಸಿ. ಬಲ್ಬು ಒಮ್ಮೆ ಝಗ್ಗೆಂದು ಹೊತ್ತಿ ಮಂದವಾದರೆ ಸಮಾಧಾನ, ಪೂರ್ತಿ ಉರಿಯುತ್ತಲೇ ಇದ್ದರೆ ಒಳಗೆ ಶಾರ್ಟ್. ನನ್ನದು ನಡುವೆ ನಿಂತಿತು, ಮಂದವೂ ಅಲ್ಲ ಪೂರ್ತಿಯೂ ಅಲ್ಲ. ಫಿಲ್ಟರ್ ಕೆಪಾಸಿಟರ್ ಸೋರುತ್ತಿತ್ತು.

ಅಲ್ಲೇ ನನ್ನ ಮೊದಲ ಅತಿಬುದ್ಧಿ. ಹಳೆಯದು 32 ಮೈಕ್ರೋಫ್ಯಾರಡ್ ಇತ್ತು. ದೊಡ್ಡದಿದ್ದಷ್ಟೂ ಗುಂಯ್ ಕಡಿಮೆ ಎಂದುಕೊಂಡು 220 ಹಾಕಿದೆ. ಬಲ್ಬು ತೆಗೆದು ನೇರ ಕರೆಂಟು ಕೊಟ್ಟ ಎರಡನೇ ದಿನ ರೆಕ್ಟಿಫೈಯರಿನೊಳಗೆ ಫಟ್ಟನೆ ನೀಲಿ ಕಿಡಿ. ಜಿಝಡ್34ರ ನಂತರ ಬರುವ ಮೊದಲ ಕೆಪಾಸಿಟರ್ 60 ಮೈಕ್ರೋಫ್ಯಾರಡ್ ಮೀರಬಾರದು ಎಂದು ಅದರ ಡೇಟಾ ಶೀಟಿನಲ್ಲಿಯೇ ಇದೆ. ದೊಡ್ಡ ಕೆಪಾಸಿಟರ್ ತುಂಬಿಕೊಳ್ಳಲು ಎಳೆಯುವ ಕರೆಂಟಿನ ಹೊಡೆತವನ್ನು ವಾಲ್ವ್ ತಾಳುವುದಿಲ್ಲ. 47 ಹಾಕಿದೆ, ಏರಿಳಿತ ತಗ್ಗಿಸುವ ತಂತಿಸುರುಳಿ, ಅಂದರೆ ಚೋಕಿನ ಆಚೆ ಮಾತ್ರ 100. ಗುಂಯ್ ಅಷ್ಟಕ್ಕೇ ಹೋಯಿತು.

ನಿಜವಾದ ಕಳ್ಳ ಮಾತ್ರ ಬೇರೆ ಕಡೆ ಇದ್ದ. ಬಲ ಚಾನಲ್ಲಿನ ಒಂದು ಇಎಲ್84 ಹತ್ತು ನಿಮಿಷ ಕಳೆದರೆ ಒಳಗಿನ ತಗಡು, ಅಂದರೆ ಆನೋಡು, ಕೆಂಪಗಾಗುತ್ತಿತ್ತು. ವಾಲ್ವ್ ಕೆಟ್ಟಿದೆ ಎಂದು ಎಡಗಡೆಯದಕ್ಕೆ ಅದಲುಬದಲು ಮಾಡಿದರೆ, ಬಲಗಡೆ ಬಂದದ್ದೇ ಕೆಂಪಗಾಯಿತು. ಅಂದರೆ ದೋಷ ಸಾಕೆಟ್ಟಿನ ಹಿಂದೆ. ವಾಲ್ವಿನ ಕರೆಂಟೆಲ್ಲ ಹಾಯುವ ಕ್ಯಾಥೋಡಿನ 270 ಓಮ್ ರೆಸಿಸ್ಟರಿನ ಮೇಲೆ 10.5 ವೋಲ್ಟ್ ಆಸುಪಾಸು ಇರಬೇಕಾದಲ್ಲಿ 14.3 ಇತ್ತು. ಭಾಗಿಸಿದರೆ 53 ಮಿಲಿಆಂಪ್. ಸ್ಕ್ರೀನ್ ಎಂಬ ಒಳಜಾಲರಿಯ ಪಾಲು ಐದು ಕಳೆದು ಹತ್ತಿರ ಹತ್ತಿರ 300 ವೋಲ್ಟಿಗೆ ಗುಣಿಸಿದರೆ 14 ವ್ಯಾಟ್. ಈ ವಾಲ್ವ್ ತಾಳುವ ಮಿತಿ 12.

ವಾಲ್ವ್ ಕಿತ್ತು, ಸಾಕೆಟ್ಟಿನ ಎರಡನೇ ಪಿನ್ನಿನಲ್ಲಿ, ಅಂದರೆ ದನಿಯ ಸಂಕೇತ ಒಳಬರುವ ಗ್ರಿಡ್ಡಿನಲ್ಲಿ ಅಳೆದೆ. ಸೊನ್ನೆ ಇರಬೇಕಾದ ಜಾಗದಲ್ಲಿ 4.5 ವೋಲ್ಟ್. ಹಿಂದಿನ ಹಂತದಿಂದ ದನಿಯನ್ನು ಮಾತ್ರ ಬಿಟ್ಟು ಡಿಸಿಯನ್ನು ತಡೆಯಬೇಕಾದ ಕಾಗದ-ಮೇಣದ ಕಪ್ಲಿಂಗ್ ಕೆಪಾಸಿಟರ್ ಹತ್ತು ಮೈಕ್ರೋಆಂಪಿನಷ್ಟು ಸೋರುತ್ತಿತ್ತು, ಅಷ್ಟೇ. ಅದನ್ನು ಬಿಚ್ಚಿ ಮಲ್ಟಿಮೀಟರಿನಲ್ಲಿ ನೋಡಿದರೆ ಕೆಪಾಸಿಟಿಯೂ ಸರಿ, ರೆಸಿಸ್ಟೆನ್ಸೂ ಸರಿ. ಮೀಟರು ಅಳೆಯುವುದು ಒಂದೆರಡು ವೋಲ್ಟಿನಲ್ಲಿ, ಇದು ಸೋರುವುದು ಇನ್ನೂರರಲ್ಲಿ. ಹಾಗಾಗಿ "ಅಳೆದೆ, ಚೆನ್ನಾಗಿದೆ" ಎಂದು ಯಾರಾದರೂ ಹಳೆಯ ಕಾಗದದ ಕೆಪಾಸಿಟರ್ ಬಗ್ಗೆ ಹೇಳಿದರೆ ನಾನು ನಂಬುವುದಿಲ್ಲ. ಎಂಟಕ್ಕೆ ಎಂಟನ್ನೂ 630 ವೋಲ್ಟಿನ ಪಾಲಿಪ್ರೊಪಿಲೀನ್‌ಗೆ ಬದಲಿಸಿದೆ. ಸೆಟ್ಟಿನ ದನಿ ದಪ್ಪಗೆ ಕೇಳಿಸುತ್ತಿದ್ದುದರಲ್ಲಿ ಒಂದು ಪಾಲು ಇದೇ ಆಗಿತ್ತು: ಒಂದು ಕಡೆಯ ವಾಲ್ವ್ ಜಾಸ್ತಿ ಎಳೆದು ಪುಷ್-ಪುಲ್ ತಕ್ಕಡಿ ವಾಲಿ, ಬಾಸ್ ಕಲಸಿಹೋಗಿತ್ತು.

ರೆಸಿಸ್ಟರುಗಳ ವಿಷಯ ಬೇಗ ಮುಗಿಸುತ್ತೇನೆ. ಹಳೆಯ ಕಾರ್ಬನ್ ಕಾಂಪೊಸಿಷನ್ ರೆಸಿಸ್ಟರಿನ ಓಮ್ ಲೆಕ್ಕ ವಯಸ್ಸಿನೊಂದಿಗೆ ಸಾಮಾನ್ಯವಾಗಿ ಮೇಲಕ್ಕೇ ಏರುತ್ತದೆ. ಒಂದು 100 ಕಿಲೋಓಮಿನದ್ದು 138 ಆಗಿತ್ತು. ಶೇಕಡಾ 15 ದಾಟಿದವನ್ನು ಬದಲಿಸಿದೆ, ಉಳಿದವನ್ನು ಮುಟ್ಟಲಿಲ್ಲ.

ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ ತಂತಿಗಳ ರಬ್ಬರ್ ಮುಟ್ಟಿದರೆ ಉದುರುತ್ತಿತ್ತು. ಬಿಚ್ಚುವ ಮುನ್ನ ಫೋಟೋ ತೆಗೆದಿದ್ದೆ, ಜಾಣನೆಂದು ಬೀಗಿಯೂ ಇದ್ದೆ. ಹೊಸ ಸ್ಲೀವ್ ಹಾಕಿ ಬೆಸುಗೆ ಹಾಕುವಾಗ ನೋಡಿದರೆ ಫೋಟೋದಲ್ಲಿ ಎರಡೂ ತಂತಿಯ ಬಣ್ಣ ಮಾಸಿ ಒಂದೇ ಕಂದು. ಅಂದಾಜಿನ ಮೇಲೆ ಹಾಕಿದೆ. ಸ್ವಿಚ್ ಒತ್ತಿ ವಾಲ್ವ್ ಕಾಯುತ್ತಿದ್ದಂತೆ ಟ್ರಾನ್ಸ್‌ಫಾರ್ಮರೇ ಕೀರಲು ದನಿಯಲ್ಲಿ ಅರಚತೊಡಗಿತು. ಆನೋಡಿನ ಎರಡು ತಂತಿ ಅದಲುಬದಲಾಗಿ, ಔಟ್‌ಪುಟ್ಟಿನ ಒಂದಂಶವನ್ನು ಹಿಂದಕ್ಕೆ ಕಳಿಸಿ ದೋಷ ತಗ್ಗಿಸಬೇಕಾದ ಫೀಡ್‌ಬ್ಯಾಕ್ ಅದನ್ನು ಹೆಚ್ಚಿಸುತ್ತಿತ್ತು. ಔಟ್‌ಪುಟ್ಟಿಗೆ ಸ್ಪೀಕರ್ ಬದಲು 8 ಓಮಿನ ದಪ್ಪ ರೆಸಿಸ್ಟರ್ ಕಟ್ಟಿದ್ದರಿಂದ ಬಚಾವಾದೆ. ಏನನ್ನೂ ಕಟ್ಟದೆ ವಾಲ್ವ್ ಆಂಪ್ಲಿಫೈಯರ್ ಓಡಿಸುವುದು ಇನ್ನೂ ಅಪಾಯ, ಟ್ರಾನ್ಸ್‌ಫಾರ್ಮರಿನೊಳಗೇ ಕಿಡಿ ಹಾರಿ ಇನ್ಸುಲೇಷನ್ ತೂತಾಗುತ್ತದೆ. ಈಗ ಫೋಟೋ ಜೊತೆಗೆ ಪ್ರತಿ ತಂತಿಗೂ ಕಾಗದದ ಚೀಟಿ ಕಟ್ಟುತ್ತೇನೆ.

ಇನ್ನು ಸ್ಪೀಕರುಗಳು. ಗಾಳಿಯಾಡದಂತೆ ಮುಚ್ಚಿದ ಪೆಟ್ಟಿಗೆ, ಮಂದ್ರ ಸ್ವರಕ್ಕೆ ಹತ್ತಿಂಚಿನ ವೂಫರ್, ತಾರ ಸ್ವರಕ್ಕೆ ಗುಮ್ಮಟದ ಟ್ವೀಟರ್. ಈ ಬಗೆಯ ಪೆಟ್ಟಿಗೆಯನ್ನು ಎಡ್ಗರ್ ವಿಲ್ಚರ್ 1954ರಲ್ಲಿ ಬಳಕೆಗೆ ತಂದರು. ಒಳಗೆ ಸಿಕ್ಕಿಕೊಂಡ ಗಾಳಿಯೇ ವೂಫರಿನ ಕಾಗದದ ಕೋನಿಗೆ ಸ್ಪ್ರಿಂಗಿನ ಕೆಲಸ ಮಾಡುತ್ತದೆ. ವೂಫರಿನ ಅಂಚಿನ ಫೋಮ್ ಸರೌಂಡ್ ಮುಟ್ಟಿದರೆ ಅಂಟು ಪುಡಿಯಾಗಿ ಕೈಗೆ ಬಂತು. ಈ ಫೋಮಿನ ಹಣೆಬರಹವೇ ಅಷ್ಟು, ಬಳಸದೆ ಇಟ್ಟರೂ ತೇವಕ್ಕೆ ಕರಗುತ್ತದೆ.

ಹಳೆಯ ಅಂಟನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ನೆನೆಸಿ ಕೆರೆಯಲು ಕೋನೊಂದಕ್ಕೆ ಎರಡು ಗಂಟೆ ಹಿಡಿಯಿತು. ಅವಸರಪಟ್ಟರೆ ಕಾಗದದ ಕೋನೇ ಹರಿಯುತ್ತದೆ. ಹೊಸ ಸರೌಂಡನ್ನು ಮೊದಲು ಕೋನಿಗೆ ಅಂಟಿಸಿ, ಒಣಗಿದ ಮೇಲೆ ಚೌಕಟ್ಟಿಗೆ ಅಂಟಿಸುವಾಗ ಕೋನಿನ ಹಿಂದಿನ ತಂತಿಸುರುಳಿ, ಅಂದರೆ ವಾಯ್ಸ್ ಕಾಯಿಲ್, ನಟ್ಟನಡುವೆ ನಿಲ್ಲಬೇಕು. ಅದಕ್ಕೆ ಸಣ್ಣ ದನಿಯಲ್ಲಿ 30 ಹರ್ಟ್ಸಿನ ಸ್ವರ ಕೊಟ್ಟು, ಕೋನ್ ಆಡುತ್ತಿರುವಾಗಲೇ ಬೆರಳಿನಿಂದ ಸರಿಸುತ್ತ ಹೋದೆ. ಕರಕರ ಸದ್ದು ನಿಂತ ಜಾಗವೇ ನಡು. ಒಂದು ವೂಫರ್ ಅಂಟು ಒಣಗುವಾಗ ಕೂದಲೆಳೆ ಸರಿದು ಮರುದಿನ ಕೆರೆಯತೊಡಗಿತು. ಮತ್ತೆ ಕಿತ್ತು ಮೊದಲಿಂದ. ಪೆಟ್ಟಿಗೆಯೊಳಗಿನ ಗ್ಲಾಸ್ ವೂಲ್ ಮುಟ್ಟುವಾಗ ಗ್ಲೌಸು, ಮಾಸ್ಕು ಮರೆಯಬೇಡಿ, ತುರಿಕೆ ವಾರ ಬಿಡುವುದಿಲ್ಲ. ಮುಚ್ಚಿದ ಮೇಲೆ ವೂಫರನ್ನು ಮೆಲ್ಲಗೆ ಒತ್ತಿ ಬಿಟ್ಟರೆ ಕೋನ್ ನಿಧಾನ ಮರಳಬೇಕು. ಚಕ್ಕನೆ ಮರಳಿದರೆ ಎಲ್ಲೋ ಗಾಳಿ ಸೋರುತ್ತಿದೆ. ನನ್ನದರಲ್ಲಿ ಹಿಂದಿನ ಟರ್ಮಿನಲ್ ತಟ್ಟೆಯ ಅಂಚು ಸೋರುತ್ತಿತ್ತು.

ದನಿಯನ್ನು ವೂಫರಿಗೂ ಟ್ವೀಟರಿಗೂ ಹಂಚುವ ಕ್ರಾಸ್‌ಓವರಿನಲ್ಲಿ ಟ್ವೀಟರಿನ ದಾರಿಗೆ ಇದ್ದದ್ದು 4 ಮೈಕ್ರೋಫ್ಯಾರಡಿನ ಬೈಪೋಲಾರ್ ಎಲೆಕ್ಟ್ರೋಲಿಟಿಕ್. ಅಳೆದರೆ 5.6. ಜೊತೆಗೆ ಅದರೊಳಗಿನ ರೆಸಿಸ್ಟೆನ್ಸು ಮೂರು ಓಮ್ ಸಮೀಪ ಏರಿತ್ತು. ಮಾವ ಇಷ್ಟು ವರ್ಷ ಹೊಗಳಿದ ಮೆತ್ತನೆ ದನಿ ಇಲ್ಲೂ ಕೂತಿತ್ತು, ಟ್ವೀಟರಿಗೆ ಕೊರಳೇ ಬಿಗಿದಿತ್ತು. ಒಳ್ಳೆಯ ಫಿಲ್ಮ್ ಕೆಪಾಸಿಟರ್ ಹಾಕಿ ಮಾವನನ್ನು ಕರೆದೆ. ಎರಡು ನಿಮಿಷ ಕೇಳಿ, "ಇದು ನನ್ನ ಸೆಟ್ಟಲ್ಲ ಕಣೋ. ಪಾತ್ರೆ ಬಿದ್ದಂಗೆ ಕೇಳುತ್ತೆ" ಎಂದರು.

"ಮಾವ, ಇಷ್ಟು ದಿನ ನೀವು ಕೇಳಿದ್ದು ಕೆಟ್ಟಿದ್ದ ಸೆಟ್ಟು" ಎಂದು ವಾದಿಸಿದೆ. ರಾತ್ರಿ ಯೋಚಿಸಿದರೆ ಅವರದ್ದೂ ಅರ್ಧ ಸರಿ. ಆ ಕೆಪಾಸಿಟರ್ ಹೊಸದಾಗಿದ್ದಾಗಲೂ ಅದರೊಳಗೆ ಸ್ವಲ್ಪ ರೆಸಿಸ್ಟೆನ್ಸ್ ಇದ್ದೇ ಇತ್ತು, ವಿನ್ಯಾಸ ಮಾಡಿದವರು ಅದನ್ನು ಲೆಕ್ಕಕ್ಕೆ ಹಿಡಿದೇ ಟ್ವೀಟರನ್ನು ಹದ ಮಾಡಿರುತ್ತಾರೆ. ಫಿಲ್ಮಿನದರಲ್ಲಿ ಅದು ಇಲ್ಲವೇ ಇಲ್ಲ. ಸರಣಿಯಲ್ಲಿ ಅರ್ಧ ಓಮ್, ಮುಕ್ಕಾಲು, ಒಂದು ಓಮ್ ಹೀಗೆ ಹಾಕಿ ಮೈಕಿನಿಂದ ಅಳೆಯುತ್ತ ಕೊನೆಗೆ ಮುಕ್ಕಾಲರಲ್ಲಿ ನಿಲ್ಲಿಸಿದೆ. ಮಾವನಿಗೆ ಹೇಳದೆ ಮತ್ತೆ ಕೇಳಿಸಿದೆ. "ಹ್ಞಾಂ, ಈಗ ಬಂತು ನೋಡು" ಎಂದರು. ಮೂರು ಓಮಿನ ಕಾಲದ ದನಿ ಬಂದಿರಲಿಲ್ಲ, ನಾನು ಬಾಯಿ ಬಿಡಲಿಲ್ಲ.

ಅಪ್‌ಗ್ರೇಡ್ ಎಂದು ಮಾಡಿದ್ದು ಕಡಿಮೆ: ಮೂರು ತಂತಿಯ ಕೇಬಲ್ ಹಾಕಿ ಚಾಸಿಗೆ ಅರ್ಥಿಂಗ್, ಹೊಸ ಫ್ಯೂಸು. ಟ್ರಾನ್ಸ್‌ಫಾರ್ಮರ್ ಸುತ್ತಿದ್ದು 220 ವೋಲ್ಟಿಗೆ, ಬರುತ್ತಿದ್ದದ್ದು 240. 6.3 ಇರಬೇಕಾದ ಹೀಟರ್ 6.9ರಲ್ಲಿ ಕಾಯುತ್ತಿತ್ತು. 12 ವೋಲ್ಟಿನ ಚಿಕ್ಕ ಟ್ರಾನ್ಸ್‌ಫಾರ್ಮರಿನ ಸೆಕೆಂಡರಿಯನ್ನು ಎದುರು ದಿಕ್ಕಿನಲ್ಲಿ ಸರಣಿಗೆ ಸೇರಿಸಿ 6.5ಕ್ಕೆ ಇಳಿಸಿದೆ. ದೊಡ್ಡ ಇಎಲ್34 ಹಾಕು ಎಂದ ಗೆಳೆಯರಿದ್ದರು. ಅದರ ಹೀಟರು ಒಂದಕ್ಕೆ 1.5 ಆಂಪ್ ಕುಡಿಯುತ್ತದೆ, ಇಎಲ್84 ಕುಡಿಯುವುದು 0.76. ಟ್ರಾನ್ಸ್‌ಫಾರ್ಮರ್ ಎಲ್ಲಿಂದ ತರಲಿ? ಅಷ್ಟು ಮಾಡಿ ಶಕ್ತಿ ಎರಡು ಪಟ್ಟಾದರೂ ಕಿವಿಗೆ ಸಿಗುವುದು 3 ಡೆಸಿಬೆಲ್.

ಚಾಸಿಯ ಒಳಗೆ ಒಂದು ಚೀಟಿ ಅಂಟಿಸಿದ್ದೇನೆ, ತಿಂಗಳಿಗೊಮ್ಮೆ ನಾಲ್ಕು ಕ್ಯಾಥೋಡಿನ ವೋಲ್ಟೇಜ್ ಬರೆಯುತ್ತೇನೆ. ಮೊನ್ನೆ ಎಡ ಚಾನಲ್ಲಿನ ಒಂದು 10.4ರಿಂದ 9.1ಕ್ಕೆ ಇಳಿದಿತ್ತು. ವಾಲ್ವ್ ಸುಸ್ತಾಗಿದೆ. ಅದಕ್ಕೆ ಹೊಂದುವ ಜೋಡಿ ಹುಡುಕುತ್ತಿದ್ದೇನೆ, ಅಲ್ಲಿಯವರೆಗೆ ಮಾವನಿಗೆ ವಾಲ್ಯೂಮ್ ಅರ್ಧಕ್ಕಿಂತ ಮೇಲೆ ತಿರುಗಿಸಬೇಡಿ ಎಂದು ಹೇಳಿಟ್ಟಿದ್ದೇನೆ.