ಎಲ್‌ಟಿಒ-4 ಡ್ರೈವ್ ಎಸೆಯುವ ಮೊದಲು: ಹೊಸ-ಹಳೆ-ಹೊಸ ಪರೀಕ್ಷೆ

ಬ್ಯಾಕಪ್‌ಗೆ ಬಳಸುವ ನನ್ನ ಎಲ್‌ಟಿಒ-4 ಟೇಪ್ ಡ್ರೈವ್ ನಿಧಾನವಾದಾಗ "ಹೆಡ್ (ಟೇಪನ್ನು ಓದಿ ಬರೆಯುವ ಭಾಗ) ಸವೆದಿದೆ, ಡ್ರೈವ್ ಬದಲಿಸಿ" ಎಂದೇ ಎಲ್ಲರೂ ಹೇಳಿದ್ದು. ವೇಗ ಸೆಕೆಂಡಿಗೆ 120 ಎಂಬಿಯಿಂದ 35ರ ಆಸುಪಾಸಿಗೆ ಇಳಿದಿತ್ತು, 800 ಜಿಬಿ ಟೇಪು 650ಕ್ಕೇ ಮುಗಿಯುತ್ತಿತ್ತು. ಅದೇ ಡ್ರೈವ್ ಈಗಲೂ ಪೂರ್ತಿ ವೇಗದಲ್ಲಿ ಓಡುತ್ತಿದೆ.

ಟೇಪು ಬೇಗ ತುಂಬುವುದೇ ದೊಡ್ಡ ಸುಳಿವು. ಎಲ್‌ಟಿಒ ಬರೆದದ್ದನ್ನು ಆಗಲೇ ಓದಿ ನೋಡಿ, ತಪ್ಪಿದ್ದನ್ನು ಮುಂದೆ ಮತ್ತೆ ಬರೆಯುತ್ತದೆ. ಜಾಗ ತಿನ್ನುವುದು ಆ ಮರುಬರಹ, ಅಂದರೆ ರೀರೈಟ್. ಜಾಗ ಸರಿಯಿದ್ದು ವೇಗ ಮಾತ್ರ ಬಿದ್ದಿದ್ದರೆ ಡಿಸ್ಕ್ ಕಡೆ ನೋಡಿ. ಡೇಟಾ ಸಾಲದೆ ಟೇಪು ಹಿಂದೆ ಮುಂದೆ ಎಳೆದಾಡುತ್ತಿರುತ್ತದೆ, ಡೇಟಾವನ್ನು ಮೆಮೊರಿಯಲ್ಲಿ ಕೂಡಿಟ್ಟು ಕಳಿಸುವ ಎಂಬಫರ್ (mbuffer) ತಂತ್ರಾಂಶಕ್ಕೆ 4 ಜಿಬಿ ಕೊಟ್ಟರೆ ಸಾಕು. ರೀರೈಟ್ ಏರದೆ ಕರ್ನಲ್ ಲಾಗ್‌ನಲ್ಲಿ ರೀಸೆಟ್‌ಗಳು ತುಂಬಿದ್ದರೆ ಮೊದಲ ಅನುಮಾನ ಕೇಬಲ್ ಮೇಲೆ.

ಟೇಪ್‌ಅಲರ್ಟ್ ಫ್ಲ್ಯಾಗ್‌ಗಳು, ಅಂದರೆ ಡ್ರೈವ್ ತಾನೇ ಗುರುತಿಸಿಡುವ ಎಚ್ಚರಿಕೆಗಳು, ಸಾಮಾನ್ಯವಾಗಿ ಓದಿದೊಡನೆ ಅಳಿಯುತ್ತವೆ. ಬ್ಯಾಕಪ್ ತಂತ್ರಾಂಶ ಮೊದಲೇ ಓದಿಬಿಟ್ಟರೆ ನಮಗೆ ಉಳಿಯುವುದು ಬರೀ ಸೊನ್ನೆ. ಆ ತಂತ್ರಾಂಶವನ್ನು ನಿಲ್ಲಿಸಿ, ಡ್ರೈವ್‌ನ ಲಾಗ್ ಓದುವ ಎಸ್‌ಜಿ-ಲಾಗ್ಸ್ (sg_logs) ಆಜ್ಞೆಯಿಂದ ಈ ಎಚ್ಚರಿಕೆಗಳ 2ಇ ಪುಟವನ್ನೂ ಬರಹದ ದೋಷಗಳ 2ನೇ ಪುಟವನ್ನೂ ಕಡತಕ್ಕೆ ಇಳಿಸಿಕೊಳ್ಳಿ, ಅದೂ ಟೇಪು ಹೊರತೆಗೆಯುವ ಮೊದಲೇ.

ಇನ್ನು ಮುಖ್ಯ ಪರೀಕ್ಷೆ. ಹುಡಿ ಉದುರಿಸುವ ಹಳೆ ಟೇಪು ಹೆಡ್‌ಗೆ ಕೊಳೆ ಮೆತ್ತುತ್ತದೆ, ಆಮೇಲೆ ಒಳ್ಳೆ ಟೇಪೂ ಕೆಟ್ಟದ್ದಾಗಿ ಕಾಣುತ್ತದೆ. ಹಾಗಾಗಿ ಕ್ರಮ ತಪ್ಪಬಾರದು: ಒಮ್ಮೆ ಕ್ಲೀನಿಂಗ್, ಹೊಸ ಟೇಪು, ಅನುಮಾನದ ಟೇಪು, ಮತ್ತೆ ಅದೇ ಹೊಸ ಟೇಪು. ಪ್ರತಿ ಸಲವೂ ಡಿಸ್ಕ್‌ನಲ್ಲಿ ಮೊದಲೇ ಮಾಡಿಟ್ಟ 100 ಜಿಬಿ ರ್‍ಯಾಂಡಮ್ ಕಡತ, ಕಂಪ್ರೆಶನ್ ಬಂದ್. ಹೊಸ ಟೇಪಿನ ರೀರೈಟ್ ಮೊದಲ ಸುತ್ತಿನಲ್ಲೇ ಹೆಚ್ಚಿದ್ದರೆ ಹೆಡ್ ಹೋಗಿರುವ ಸಾಧ್ಯತೆಯೇ ಹೆಚ್ಚು. ಮೊದಲು ಕಡಿಮೆಯಿದ್ದು ಕೊನೆಯ ಸುತ್ತಿನಲ್ಲಿ ಏರಿದರೆ ಕಳ್ಳ ನಡುವಿನ ಟೇಪೇ. ನನ್ನಲ್ಲಿ ಆ ರೀರೈಟ್ ಎಣಿಕೆ ಹತ್ತಾರರಿಂದ ಸಾವಿರ ದಾಟಿತ್ತು. ಒಂದೇ ಹಳೆ ಕಂತಿನ ಟೇಪುಗಳನ್ನು ತೆಗೆದುಹಾಕಿದ್ದಕ್ಕೆ ಎಲ್ಲ ಸರಿಹೋಯಿತು. ಯಾವ ಎಣಿಕೆಗೆ ಟೇಪು ಎಸೆಯುತ್ತೇನೆ ಎಂಬುದನ್ನು ಮಾತ್ರ ಹೇಳುವುದಿಲ್ಲ, ಆ ಗೆರೆ ಡ್ರೈವ್‌ನಿಂದ ಡ್ರೈವ್‌ಗೆ ಬೇರೆ.

ಖರ್ಚು ಒಂದು ಹೊಸ ಟೇಪು, ಒಂದು ಕ್ಲೀನಿಂಗ್ ಕಾರ್ಟ್ರಿಜ್. ಹೊಸ ಡ್ರೈವ್‌ನ ಬೆಲೆಗಿಂತ ಎಷ್ಟೋ ಕಡಿಮೆ. ಅದಕ್ಕೂ ಮೊದಲು ದಿನಾ ಕ್ಲೀನಿಂಗ್ ಓಡಿಸಿದ್ದು ದಂಡ. ಕಾರ್ಟ್ರಿಜ್ ಸುಮಾರು 50 ಸಲಕ್ಕೆ ಮುಗಿಯುತ್ತದೆ, ಅತಿಯಾದರೆ ಹೆಡ್ಡನ್ನೂ ಸವೆಸುತ್ತದೆ.

ಪಕ್ಕದಲ್ಲಿ ಇನ್ನೊಂದು ನೋಡಿದೆ: ಟೇಪಿನ ಚಿಪ್‌ನಲ್ಲಿ ಕೊನೆಯ ನಾಲ್ಕು ಲೋಡ್‌ಗಳ ಡ್ರೈವ್ ಸೀರಿಯಲ್ ಇರುತ್ತದೆ. ಕೊಳೆ ಎಲ್ಲೆಲ್ಲಿ ತಿರುಗಿರಬಹುದು ಎಂಬುದು ಅಲ್ಲೇ ಸಿಕ್ಕಿತು. ಅನುಮಾನದ ಟೇಪನ್ನು ಮತ್ತೆ ಬಳಸುವ ಆಸೆಯಿಂದ ಡೀಗಾಸರ್‌ಗೆ (ಬಲವಾದ ಕಾಂತದಿಂದ ಎಲ್ಲವನ್ನೂ ಅಳಿಸುವ ಯಂತ್ರ) ಮಾತ್ರ ಹಾಕಬೇಡಿ. ಹೆಡ್‌ಗೆ ದಾರಿ ತೋರಿಸಲು ಕಾರ್ಖಾನೆಯಲ್ಲಿ ಬರೆದ ಸರ್ವೋ ಗುರುತು ಅಳಿದರೆ ಅದರಲ್ಲಿ ಯಾವ ಡ್ರೈವೂ ಮತ್ತೆ ಬರೆಯಲಾರದು.