ನಗು ಕೇಳಿಸದ ಸೆಟ್‌ನಲ್ಲಿ

ಧಾರಾವಾಹಿಯ ಸೆಟ್‌ನಲ್ಲಿ ನಾನು ಆಡಿದ ಮೊದಲ ಹಾಸ್ಯದ ಮಾತಿಗೆ ಯಾರೂ ನಗಲಿಲ್ಲ. ಬೆಂಗಳೂರಿನ ಹೊರವಲಯದಲ್ಲಿ ಬಾಡಿಗೆಗೆ ಹಿಡಿದ ಎರಡಂತಸ್ತಿನ ಮನೆ, ನಡುಮನೆಯಲ್ಲಿ ಎರಡು ಕ್ಯಾಮೆರಾ, ಸುತ್ತ ಇಪ್ಪತ್ತೈದು ಜನ. ಮಾತು ಮುಗಿಸಿ ನಿಂತೆ. ಏಳು ವರ್ಷ ಕಂಪನಿ ನಾಟಕದಲ್ಲಿ ಪಳಗಿದ ಮೈ ನನ್ನದು. ಮಾತು ಬಿದ್ದ ಕೂಡಲೇ ನಗು ಏಳಬೇಕು, ಅದು ಇಳಿಯುವ ಹೊತ್ತಿಗೆ ಮುಂದಿನ ಮಾತು ಎತ್ತಬೇಕು ಎಂಬುದು ಅದಕ್ಕೆ ಅಭ್ಯಾಸ. ನಗು ಬರಲಿಲ್ಲ, ನಾನು ಕಾಯುತ್ತಲೇ ಇದ್ದೆ. ನಿರ್ದೇಶಕರು ‘ಕಟ್’ ಎಂದರು. “ಮಾತು ಮರೆತಿರಾ?” ಎಂದು ಕೇಳಿದರು.

ಮರೆತಿರಲಿಲ್ಲ. ಧ್ವನಿಯನ್ನು ಅಲ್ಲೇ ಮುದ್ರಿಸಿಕೊಳ್ಳುತ್ತಿದ್ದುದರಿಂದ ಅಲ್ಲಿ ಯಾರೂ ಗಟ್ಟಿಯಾಗಿ ಉಸಿರು ಬಿಡುವಂತೆಯೂ ಇರಲಿಲ್ಲ. ಕಟ್ ಆದ ಮೇಲೆ ನೋಡಿದರೆ, ಲೈಟಿನ ಹುಡುಗನೊಬ್ಬ ಟವೆಲನ್ನು ಬಾಯಿಗೆ ಒತ್ತಿ ಹಿಡಿದಿದ್ದ, ಕಣ್ಣಲ್ಲಿ ನೀರು ಬಂದಿತ್ತು. ನಾನು ನಗಿಸಿದ್ದು ನನಗೇ ತಿಳಿದಿರಲಿಲ್ಲ.

ಅದು 2003ನೇ ಇಸವಿ. ಅಂದಿನಿಂದ ನಾನು ಕಲಿತದ್ದೆಲ್ಲ ಒಂದೇ ಪ್ರಶ್ನೆಯ ಸುತ್ತ ಇದೆ: ನಗುವವರ ಸದ್ದು ಕಿವಿಗೆ ಬೀಳದಿದ್ದಾಗ ನಗಿಸುವುದು ಹೇಗೆ? ರಂಗಭೂಮಿಯಿಂದ ಕಿರುತೆರೆಗೆ ಬರುವ ಹುಡುಗ ಹುಡುಗಿಯರು ನನ್ನನ್ನು ಹೆಚ್ಚಾಗಿ ಕೇಳುವುದೂ ಇದನ್ನೇ.

ನನ್ನ ಊರು ರೋಣ ತಾಲ್ಲೂಕಿನಲ್ಲಿದೆ. 1996ರಲ್ಲಿ, ಹತ್ತೊಂಬತ್ತನೆಯ ವಯಸ್ಸಿಗೆ, ಒಂದು ವೃತ್ತಿ ನಾಟಕ ಕಂಪನಿ ಸೇರಿದೆ. ಮೊದಲ ಆರು ತಿಂಗಳು ಪರದೆ ಎಳೆದೆ, ಟಿಕೆಟ್ ಹರಿದೆ. ಬಾದಾಮಿ ಬನಶಂಕರಿಯ ಜಾತ್ರೆಯಲ್ಲಿ ಹಾಸ್ಯ ಪಾತ್ರಧಾರಿಗೆ ಜ್ವರ ಬಂದು, ಅವರ ಪಾತ್ರ ನನ್ನ ಪಾಲಿಗೆ ಬಂತು. ಬನದ ಹುಣ್ಣಿಮೆಗೆ ತೇರು ಎಳೆದ ಮೇಲೆ ಆ ಜಾತ್ರೆ ವಾರಗಟ್ಟಲೆ ನಡೆಯುತ್ತದೆ. ಹಲವು ಕಂಪನಿಗಳು ಸಾಲಾಗಿ ತಗಡಿನ ಥಿಯೇಟರ್ ಕಟ್ಟಿಕೊಂಡು ಬೆಳಗಿನ ಜಾವದವರೆಗೆ ಆಡುತ್ತವೆ. ಪಕ್ಕದ ಕಂಪನಿಯ ಮೈಕಿನ ಹಾಡು ನಮ್ಮ ದೃಶ್ಯದ ನಡುವೆ ನುಗ್ಗುತ್ತದೆ. ರೊಟ್ಟಿ ಬುತ್ತಿ ಕಟ್ಟಿಕೊಂಡು ಟ್ರ್ಯಾಕ್ಟರುಗಳಲ್ಲಿ ಬಂದ ಜನ, ದೇವಿಯ ದರ್ಶನ ಮುಗಿಸಿ, ಒಂದು ನಾಟಕ ಬಿಟ್ಟರೆ ಇನ್ನೊಂದಕ್ಕೆ ಹೋಗಿ ಕೂರುತ್ತಾರೆ. ಆ ಸದ್ದಿನಲ್ಲಿ ನಗಿಸುವವನಿಗೆ ಬೇರೆ ಶಾಲೆ ಬೇಕಿಲ್ಲ.

ಅಲ್ಲಿ ನನಗೆ ಒಂದು ಸಣ್ಣ ಕ್ರಿಯೆ ಸಿಕ್ಕಿತು. ನಾನು ಸಾಹುಕಾರನ ಗುಮಾಸ್ತ. ಸಾಹುಕಾರ ಬಡ್ಡಿ ಲೆಕ್ಕ ಕೇಳುತ್ತಾನೆ. ನಾನು ಬೆರಳು ಎಣಿಸುತ್ತೇನೆ. ಎಡಗೈ ಮುಗಿಯಿತು, ಬಲಗೈ ಮುಗಿಯಿತು, ಲೆಕ್ಕ ಮಾತ್ರ ಮುಗಿದಿಲ್ಲ. ಎರಡೂ ಕೈ ನೋಡಿಕೊಳ್ಳುತ್ತೇನೆ. ಆಮೇಲೆ ಸಾಹುಕಾರನ ಕೈಯನ್ನು ಮೆಲ್ಲಗೆ ಎತ್ತಿಕೊಂಡು ಅವನ ಬೆರಳಿನ ಮೇಲೆ ಎಣಿಕೆ ಮುಂದುವರಿಸುತ್ತೇನೆ. ಇಷ್ಟೇ. ಮಾತಿಲ್ಲ.

ನಗು ಎರಡು ಸಲ ಬರುತ್ತಿತ್ತು. ಮೊದಲು ಮುಂದೆ ನೆಲದ ಮೇಲೆ ಕುಳಿತವರದು, ಒಂದು ಉಸಿರು ತಡವಾಗಿ ಹಿಂದಿನ ಕುರ್ಚಿಗಳದು. ಹಿಂದಿನವರಿಗೆ ಕೈ ಸರಿಯಾಗಿ ಕಾಣುವುದಿಲ್ಲ. ಮುಂದಿನವರು ನಕ್ಕ ಮೇಲೆ ನನ್ನ ಮುಖ ನೋಡಿ ಅವರು ಸಂಗತಿ ಹಿಡಿಯುತ್ತಾರೆ. ನಾನು ಮೊದಲ ನಗುವಿಗೇ ಮರುಳಾಗಿ ಮುಂದಿನ ಮಾತು ಆಡಿಬಿಡುತ್ತಿದ್ದೆ, ಎರಡನೆಯ ನಗುವಿನಲ್ಲಿ ಅದು ಮುಳುಗುತ್ತಿತ್ತು. ಜ್ವರದಿಂದ ಎದ್ದ ಹಿರಿಯ ಹಾಸ್ಯಗಾರರು ಪರದೆಯ ಪಕ್ಕದಲ್ಲಿ ನಿಂತು ಅಂಗೈ ತೋರಿಸಿ ನನ್ನನ್ನು ತಡೆಯುತ್ತಿದ್ದರು. ಅಂಗೈ ಇಳಿಸಿದಾಗ ಮಾತು. ನಗು ಪೂರ್ತಿ ಸತ್ತ ಮೇಲೆ ಆಡಿದರೆ ಮತ್ತೆ ಮೊದಲಿನಿಂದ ಹತ್ತಬೇಕು, ಏರುವಾಗ ಆಡಿದರೆ ಕೇಳುವುದಿಲ್ಲ, ಇಳಿಯಲು ತೊಡಗಿದ ಆ ಗಳಿಗೆಯನ್ನು ಹಿಡಿಯಬೇಕು. ಏಳು ವರ್ಷ ನಾನು ಹಿಡಿದದ್ದು ಆ ಗಳಿಗೆಯನ್ನೇ. ನನ್ನ ನಟನೆ ಇದ್ದದ್ದು ಕಿವಿಯಲ್ಲಿ.

ಕಂಪನಿಯಿಂದ ಕ್ಯಾಮೆರಾದ ಮುಂದೆ ಬಂದ ದಾರಿ ನನ್ನಿಂದ ಶುರುವಾದದ್ದಲ್ಲ. ಗುಬ್ಬಿ ವೀರಣ್ಣನವರು ಮೂಲತಃ ಹಾಸ್ಯ ನಟರೇ. ಅವರ ಕಂಪನಿಯಲ್ಲಿ ಬೆಳೆದ ನರಸಿಂಹರಾಜು, ರಾಜ್‌ಕುಮಾರ್, ಜಿ.ವಿ. ಅಯ್ಯರ್ ಮೂವರೂ 1954ರ ‘ಬೇಡರ ಕಣ್ಣಪ್ಪ’ದಲ್ಲಿ ಒಟ್ಟಿಗೆ ತೆರೆಯ ಮೇಲೆ ಕಾಣಿಸಿಕೊಂಡರು. ಹಾಗಾಗಿ ನಾನೂ ಧೈರ್ಯವಾಗಿಯೇ ರಾತ್ರಿ ಬಸ್ ಹತ್ತಿದ್ದೆ. ಬೆಂಗಳೂರಿನಲ್ಲಿ ಮೊದಲ ನಾಲ್ಕು ತಿಂಗಳು ಸಂಜೆಯೆಲ್ಲ ರವೀಂದ್ರ ಕಲಾಕ್ಷೇತ್ರದ ಅಂಗಳದಲ್ಲಿ, ಸಂಸ ಬಯಲು ರಂಗಮಂದಿರದ ಮೆಟ್ಟಿಲ ಮೇಲೆ ಕಳೆದೆ. ಕೆಲಸದ ಸುದ್ದಿ ಅಲ್ಲಿಯೇ ಸಿಗುತ್ತಿತ್ತು. ಯಾವ ಧಾರಾವಾಹಿಗೆ ಅಡುಗೆಯವ ಬೇಕು, ಯಾವುದಕ್ಕೆ ವಾಚಮನ್ ಬೇಕು ಎಂಬುದು ಚಹಾದ ಜೊತೆ ಕಿವಿಗೆ ಬೀಳುತ್ತಿತ್ತು.

ಸೆಟ್‌ಗೆ ಹೋದ ಮೇಲೆ ನಗುವಿಲ್ಲದಿರುವುದರ ಜೊತೆಗೆ ಇನ್ನೊಂದು ತೊಡಕು ಎದುರಾಯಿತು: ಪ್ರಾಂಪ್ಟಿಂಗ್. ಧಾರಾವಾಹಿಯಲ್ಲಿ ದಿನಕ್ಕೊಂದು ಕಂತು ಹೋಗಬೇಕು. ಅರ್ಧ ಗಂಟೆಯ ಕಂತೆಂದರೆ ಜಾಹೀರಾತು ಕಳೆದು ಇಪ್ಪತ್ತೊಂದು, ಇಪ್ಪತ್ತೆರಡು ನಿಮಿಷ. ಸಂಭಾಷಣೆಯ ಹಾಳೆ ಬೆಳಿಗ್ಗೆ ಬರುತ್ತದೆ, ಕೆಲವೊಮ್ಮೆ ಮೇಕಪ್ ಮುಗಿದ ಮೇಲೆ. ಹಾಗಾಗಿ ಸಹಾಯಕ ನಿರ್ದೇಶಕರು ಕ್ಯಾಮೆರಾದ ಪಕ್ಕದಲ್ಲಿ ನಿಂತು ಒಂದೊಂದೇ ಸಾಲನ್ನು ಓದುತ್ತಾರೆ, ನಟರು ಕೇಳಿಸಿಕೊಂಡು ಹೇಳುತ್ತಾರೆ. ನಡುವಿನ ಓದುವ ದನಿಯನ್ನು ಸಂಕಲನಕಾರರು ಕತ್ತರಿಸುತ್ತಾರೆ. ಅಳುವ ದೃಶ್ಯಕ್ಕೆ ಇದು ಹೇಗೋ ನಡೆಯುತ್ತದೆ. ಹಾಸ್ಯಕ್ಕೆ ಇದು ವಿಷ. ಎದುರಿನವರು “ಎಲ್ಲಿಗೆ ಹೋಗಿದ್ದೆ?” ಎಂದು ಕೇಳಿದಾಗ ನನ್ನ ಉತ್ತರ ಮೊದಲು ಮೂರನೆಯವರ ಬಾಯಿಂದ ಬಂದು, ಆಮೇಲೆ ನನ್ನ ಬಾಯಿಗೆ ಬರುತ್ತದೆ. ಆ ಹೊತ್ತಿಗೆ ಪ್ರಶ್ನೆಯ ಬಿಸಿ ಆರಿರುತ್ತದೆ. ಎದುರಿನವರೂ ನನ್ನನ್ನು ಕೇಳುತ್ತಿರುವುದಿಲ್ಲ, ತಮ್ಮ ಸಾಲಿಗಾಗಿ ಕಾಯುತ್ತಿರುತ್ತಾರೆ.

ನಾನು ಪ್ರಾಂಪ್ಟ್ ಬೇಡ ಎಂದೆ. ಹೊಸಬನಾಗಿ ಹಾಗೆ ಹೇಳುವುದು ಸಲೀಸಲ್ಲ, ಸಮಯ ಹಾಳುಮಾಡುತ್ತಾನೆ ಎಂದು ಗೊಣಗಿದವರಿದ್ದರು. ಆದ್ದರಿಂದ ಕರೆದ ಹೊತ್ತಿಗಿಂತ ಒಂದು ಗಂಟೆ ಮೊದಲೇ ಹೋಗತೊಡಗಿದೆ. ಹಾಳೆ ಸಿಕ್ಕ ಕೂಡಲೇ ನೋಟ್‌ಬುಕ್ಕಿನಲ್ಲಿ ನನ್ನ ಮಾತನ್ನಲ್ಲ, ಎದುರಿನವರ ಮಾತಿನ ಕೊನೆಯ ಮೂರು ಪದಗಳನ್ನು ಬರೆದುಕೊಳ್ಳುತ್ತಿದ್ದೆ. ಅವು ಕಿವಿಗೆ ಬಿದ್ದರೆ ನನ್ನ ಮಾತು ತಾನಾಗಿ ಬರುತ್ತಿತ್ತು. ಇಂದಿಗೂ ಅದೇ ಪದ್ಧತಿ. ಮನೆಯ ಕಪಾಟಿನಲ್ಲಿ ಇನ್ನೂರು ಪುಟದ ಮೂವತ್ತೆಂಟು ಪುಸ್ತಕಗಳಿವೆ, ಅವುಗಳ ತುಂಬ ಬೇರೆಯವರ ಮಾತಿನ ಬಾಲಗಳು.

ಇಷ್ಟಾದರೂ ತೆರೆಯ ಮೇಲೆ ನನ್ನ ಹಾಸ್ಯ ಸಪ್ಪೆಯಾಗಿತ್ತು. ಒಂದು ದೃಶ್ಯದಲ್ಲಿ ನಿರ್ದೇಶಕರನ್ನು ಒಪ್ಪಿಸಿ ಬೆರಳೆಣಿಕೆಯನ್ನು ಸೇರಿಸಿದ್ದೆ. ಪ್ರಸಾರವಾದಾಗ ನೋಡಿದರೆ, ನಾನು ಎದುರಿನವರ ಕೈ ಎತ್ತಿಕೊಳ್ಳುವ ಹೊತ್ತಿಗೆ ತೆರೆಯ ತುಂಬ ಅತ್ತೆಯ ಮುಖವಿತ್ತು! ಕೈ ಕಾಣಲೇ ಇಲ್ಲ. ಎರಡು ದಿನ ಕುದ್ದುಹೋಗಿ, ಮೂರನೆಯ ದಿನ ಸಂಕಲನ ನಡೆಯುವ ಕೋಣೆಗೆ ಹೋದೆ. ಸಂಕಲನಕಾರರು ಬೈದು ಕಳಿಸುತ್ತಾರೆ ಎಂದುಕೊಂಡಿದ್ದೆ. ಅವರು ಕುರ್ಚಿ ಎಳೆದುಕೊಟ್ಟು, ಆ ದೃಶ್ಯದ ಮೂಲ ಚಿತ್ರಿಕೆಗಳನ್ನೇ ತೆರೆದು ತೋರಿಸಿದರು.

ನನ್ನ ಕಸುಬಿನಲ್ಲಿ ನಾನು ಪಡೆದ ಎರಡನೆಯ ಪಾಠ ಆ ಮಧ್ಯಾಹ್ನದ್ದು. ಇಡೀ ದೃಶ್ಯವನ್ನು ದೂರದಿಂದ ತೆಗೆಯುವ ಮಾಸ್ಟರ್ ಶಾಟ್‌ನಲ್ಲಿ ನಾನು ಎಡಗೈಯಿಂದ ಎಣಿಕೆ ಶುರುಮಾಡಿದ್ದೆ, ಹತ್ತಿರದ ಶಾಟ್‌ನಲ್ಲಿ ಬಲಗೈಯಿಂದ. ಎರಡನ್ನೂ ಜೋಡಿಸಲು ಬರುವುದಿಲ್ಲ, ಅದಕ್ಕೇ ನಡುವೆ ಅತ್ತೆಯ ಮುಖ ಬಂದಿತ್ತು. ತಪ್ಪು ನನ್ನದೇ. ಆಮೇಲೆ ಅವರು ಇನ್ನೊಂದು ದೃಶ್ಯ ತೆರೆದರು. ನಮ್ಮ ಟಿ.ವಿ.ಯಲ್ಲಿ ಸೆಕೆಂಡಿಗೆ 25 ಚೌಕಟ್ಟು (ಫ್ರೇಮ್) ಓಡುತ್ತವೆ. ನನ್ನ ಮಾತು ಮುಗಿದ ಕೂಡಲೇ ಕತ್ತರಿಸಿ ತೋರಿಸಿದರು: ಅದು ಬರಿಯ ಮಾಹಿತಿ. ಮಾತಿನ ನಂತರ ನನ್ನ ಮುಖವನ್ನು ಹನ್ನೆರಡು ಚೌಕಟ್ಟು, ಅಂದರೆ ಸುಮಾರು ಅರ್ಧ ಸೆಕೆಂಡು ಉಳಿಸಿ ಕತ್ತರಿಸಿದರು: ಕೋಣೆಯಲ್ಲಿದ್ದ ಮೂವರೂ ನಕ್ಕೆವು. ಇಪ್ಪತ್ತೈದು ಉಳಿಸಿದರು: ನಗು ಹೋಯಿತು, ನಾನು ನಗುವಿಗಾಗಿ ಕೈಚಾಚಿ ನಿಂತವನಂತೆ ಕಂಡೆ. “ನನಗೆ ಆ ಅರ್ಧ ಸೆಕೆಂಡು ಕೊಡಿ. ನೀವು ಮಾತು ಮುಗಿಸಿದ ತಕ್ಷಣ ಕಣ್ಣು ಕೆಳಗೆ ಹಾಕುತ್ತೀರಿ, ನನ್ನ ಕೈಯಲ್ಲಿ ಏನೂ ಉಳಿಯುವುದಿಲ್ಲ” ಎಂದರು.

ಬನಶಂಕರಿಯಲ್ಲಿ ಪ್ರೇಕ್ಷಕರು ಅಳೆದುಕೊಡುತ್ತಿದ್ದ ಗಳಿಗೆಯನ್ನು ಇಲ್ಲಿ ಸಂಕಲನಕಾರರು ಅಳೆಯುತ್ತಾರೆ. ಆದರೆ ಅಳೆಯಲು ಬಟ್ಟೆಯನ್ನು ನಾನು ಕೊಡಬೇಕು. ಅಂದಿನಿಂದ ಮಾತು ಮುಗಿದ ಮೇಲೆ ಒಂದು ಪೂರ್ತಿ ಉಸಿರಿನಷ್ಟು ಹೊತ್ತು ಮುಖವನ್ನು ಹಾಗೆಯೇ ಹಿಡಿಯುತ್ತೇನೆ. ಯಾವ ಮಾತಿಗೆ ಯಾವ ಕೈ ಎತ್ತಿದೆ, ಲೋಟ ಎಲ್ಲಿಟ್ಟೆ ಎಂಬುದನ್ನು ಮಾಸ್ಟರ್ ಶಾಟ್ ಆದ ಕೂಡಲೇ ನೋಟ್‌ಬುಕ್ಕಿಗೆ ಹಾಕುತ್ತೇನೆ. ಕೈಯಲ್ಲಿ ಏನಾದರೂ ಕ್ರಿಯೆ ಇದ್ದರೆ ಛಾಯಾಗ್ರಾಹಕರಿಗೆ ಮೊದಲೇ ಹೇಳುತ್ತೇನೆ. ಇದನ್ನು ಯಾವ ತರಬೇತಿಯಲ್ಲೂ ನನಗೆ ಕಲಿಸಿರಲಿಲ್ಲ. ಹೊಸದಾಗಿ ಬರುವವರಿಗೆ ನನ್ನ ಒಂದೇ ಬೇಡಿಕೆ: ಮೊದಲ ತಿಂಗಳಲ್ಲೇ ಸಂಕಲನದ ಕೋಣೆಯಲ್ಲಿ ಒಂದು ದಿನ ಕುಳಿತು ಬನ್ನಿ.

ಮೂರನೆಯ ಗುರುವನ್ನು ನಾನು ಕಂಡಿಲ್ಲ. ಟಿ.ಎನ್. ಬಾಲಕೃಷ್ಣ ಅವರಿಗೆ ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ, ಸಹನಟರ ತುಟಿಯ ಚಲನೆ ನೋಡಿ ತಮ್ಮ ಮಾತು ಆಡುತ್ತಿದ್ದರು ಎಂಬುದು ಚಿತ್ರರಂಗದಲ್ಲಿ ಎಲ್ಲರಿಗೂ ತಿಳಿದ ಸಂಗತಿ. ಆದರೂ ಐನೂರಕ್ಕೂ ಹೆಚ್ಚು ಚಿತ್ರಗಳಲ್ಲಿ ನಟಿಸಿದರು. ಅವರ ಅಭಿನಯ ನೋಡಿದವರು ಯಾರೂ ಅವರ ಲಯ ತಪ್ಪಿತೆಂದು ಹೇಳಲಾರರು. ಕಿವಿಯನ್ನೇ ನೆಚ್ಚಿಕೊಂಡಿದ್ದ ನನಗೆ ಇದು ದೊಡ್ಡ ಆಸರೆಯಾಯಿತು. 1972ರ ‘ಬಂಗಾರದ ಮನುಷ್ಯ’ದ ಸಿ.ಡಿ. ತಂದು, ಅವರು ರಾಚೂಟಪ್ಪನಾಗಿ ಬರುವ ದೃಶ್ಯಗಳನ್ನು ದನಿ ಪೂರ್ತಿ ತಗ್ಗಿಸಿ ನೋಡಿದೆ, ಒಂದೆರಡು ಸಲವಲ್ಲ, ಒಂದು ಮಳೆಗಾಲವಿಡೀ. ಎದುರಿನವರು ಮಾತಾಡುವಾಗ ಅವರ ಕಣ್ಣು ಅತ್ತಿತ್ತ ಹೋಗುವುದಿಲ್ಲ. ಇಡೀ ಮೈ ಕೇಳುತ್ತಿರುತ್ತದೆ. ನಾನೂ ಸೆಟ್‌ನಲ್ಲಿ ಎದುರಿನವರ ಬಾಯಿ, ಗಲ್ಲ, ಗಂಟಲು ನೋಡಲು ಕಲಿತೆ. ಮಾತು ಮುಗಿಯುವ ಮುನ್ನ ಗಂಟಲು ಸಡಿಲವಾಗುತ್ತದೆ, ನನ್ನ ಸರದಿ ಬಂತೆಂದು ಅದರಿಂದಲೇ ತಿಳಿಯುತ್ತದೆ.

ಹಣದ ಮಾತು ಚಿಕ್ಕದಾಗಿ ಹೇಳುತ್ತೇನೆ. ದಿನದ ಸಂಭಾವನೆ ಎಷ್ಟು ಎಂಬುದಕ್ಕಿಂತ ತಿಂಗಳಿಗೆ ಎಷ್ಟು ದಿನ ಕರೆಯುತ್ತಾರೆ ಎಂದು ಕೇಳಿ. ನಾಯಕಿಗೆ ಇಪ್ಪತ್ತು ದಿನವಿದ್ದರೆ ಹಾಸ್ಯ ಪಾತ್ರಕ್ಕೆ ಆರೋ ಎಂಟೋ ಇರುತ್ತದೆ. ದುಡಿದ ಹಣ ಕೈಗೆ ಬರಲು ನನಗೆ ಎರಡು ಮೂರು ತಿಂಗಳು ಹಿಡಿದದ್ದುಂಟು, ಒಂದು ಧಾರಾವಾಹಿ ಅರ್ಧಕ್ಕೆ ನಿಂತು ಬಾರದೆಯೇ ಹೋದದ್ದೂ ಉಂಟು. ಎರಡು ಕಡೆ ಪಾತ್ರವಿದ್ದರೆ ಮಾತ್ರ ಮನೆ ನಡೆಯುತ್ತದೆ.

ಇನ್ನೊಂದನ್ನು ಮಾತ್ರ ಚಿಕ್ಕದಾಗಿ ಹೇಳಲಾರೆ. ಬಹಳ ವರ್ಷ ನನಗೆ ಬಂದದ್ದೆಲ್ಲ ಉತ್ತರ ಕರ್ನಾಟಕದ ಮಾತಾಡುವ ಆಳಿನ ಪಾತ್ರಗಳೇ. ಹಾಸ್ಯವೆಂದರೆ ಆ ಮಾತಿನ ರೀತಿಯೇ ಎಂದು ಬರೆಯುವವರು ತಿಳಿದಿದ್ದರು, ಬೇರೆ ಸಂಗತಿ ಏನೂ ಇರುತ್ತಿರಲಿಲ್ಲ. ನನ್ನ ತಾಯಿ ಮಾತಾಡುವ ಭಾಷೆ ಅದು. ಅದರಲ್ಲಿ ಅವರು ಮಗುವನ್ನು ಮಲಗಿಸಿದ್ದಾರೆ, ಸಾವಿನ ಮನೆಯಲ್ಲಿ ಅತ್ತಿದ್ದಾರೆ. 2011ರಲ್ಲಿ ಅಂಥ ಒಂದು ಪಾತ್ರವನ್ನು ಬಿಟ್ಟೆ, ಏಳು ತಿಂಗಳು ಕೆಲಸವಿರಲಿಲ್ಲ. ಆಮೇಲೆ ಸಿಕ್ಕ ಪಾತ್ರ ಗದುಗಿನ ಕಡೆಯ ಒಬ್ಬ ಮೇಷ್ಟ್ರದು. ಆತ ನಗಿಸುತ್ತಿದ್ದುದು ತನ್ನ ಮುಂಗೋಪದಿಂದ, ಊರಿನ ಮಾತಿನಿಂದಲ್ಲ. ನಾನು ಮಾಡಿದ್ದರಲ್ಲಿ ನನಗೆ ಇಂದಿಗೂ ಪ್ರಿಯವಾದದ್ದು ಅದೇ.

2020ರ ಮಾರ್ಚ್‌ನಲ್ಲಿ ಚಿತ್ರೀಕರಣ ನಿಂತಿತು. ಆ ವರ್ಷ ಹಿಂದಿಯ ಧಾರಾವಾಹಿಗಳು ಕನ್ನಡದ ದನಿಯಲ್ಲಿ ಬರತೊಡಗಿದವು. ಮೂಲ ಕಾರ್ಯಕ್ರಮಗಳ ಅನ್ನಕ್ಕೆ ಕಲ್ಲು ಬೀಳುತ್ತದೆ ಎಂದು ನಮ್ಮಲ್ಲಿ ಹಲವರು ನೊಂದರು, ಆ ಆತಂಕ ನನಗೂ ಇತ್ತು. ಆದರೂ ಮನೆ ಬಾಡಿಗೆ ಕಟ್ಟಬೇಕಿತ್ತು. ಡಬ್ಬಿಂಗ್ ಕೋಣೆಗೆ ಹೋದೆ. ಮೈಕಿನ ಮುಂದೆ ಒಬ್ಬನೇ ನಿಂತು, ಗಾಜಿನಾಚೆಯ ಪರದೆಯಲ್ಲಿ ಬೇರೆಯವನ ತುಟಿ ನೋಡಿ ಅದಕ್ಕೆ ಕನ್ನಡ ತುಂಬುವುದು. ತುಟಿ ಓದಲು ಆ ಮಳೆಗಾಲದಲ್ಲಿ ಕಲಿತದ್ದು ಅಲ್ಲಿ ಅನ್ನ ಕೊಟ್ಟಿತು. ಆಮೇಲೆ ಮಕ್ಕಳ ಕಾರ್ಟೂನಿಗೂ ದನಿ ಕೊಟ್ಟೆ. ಅಲ್ಲಿ ಚಿತ್ರದ ಬಾಯಿ ಬರಿದೆ ತೆರೆದು ಮುಚ್ಚುತ್ತದೆ, ತುಟಿಯ ಕಟ್ಟುನಿಟ್ಟು ಕಡಿಮೆ. ಆದರೆ ಬೆಕ್ಕು ಗೋಡೆಗೆ ಬಡಿದಾಗ ನನ್ನ ‘ಅಯ್ಯೋ’ ಒಂದು ಚೌಕಟ್ಟು ತಡವಾದರೂ ಪೆಟ್ಟು ಬಿದ್ದಂತೆ ಅನಿಸುವುದಿಲ್ಲ. ಆ ಬೆಕ್ಕನ್ನು ಬರೆದವರು ಯಾರೋ, ಯಾವ ದೇಶದವರೋ, ನಗು ಕೇಳಿಸದ ಕೋಣೆಯಲ್ಲೇ ಕುಳಿತು ಚೌಕಟ್ಟು ಎಣಿಸಿ ಎಣಿಸಿ ಬರೆದಿದ್ದಾರೆ ಎಂದು ಪ್ರತಿ ಸಲ ಅನಿಸುತ್ತದೆ. ಅವರ ಮೇಲೆ ನನಗೆ ಬಹಳ ಗೌರವ.

ಕಳೆದ ಬಾರಿ ಬನಶಂಕರಿ ಜಾತ್ರೆಗೆ ನನ್ನ ಹಳೆಯ ಕಂಪನಿ ಅತಿಥಿ ನಟನಾಗಿ ಕರೆಯಿತು. ಪೋಸ್ಟರಿನಲ್ಲಿ ಧಾರಾವಾಹಿಯ ಹೆಸರು ದೊಡ್ಡದಾಗಿ, ಅದರ ಕೆಳಗೆ ನನ್ನ ಮುಖ. ನಾನೇ ಕೇಳಿ ಗುಮಾಸ್ತನ ಪಾತ್ರ ಹಾಕಿಸಿಕೊಂಡೆ. ಮೊದಲ ಆಟದಲ್ಲಿ ಎಡಗೈ ಮುಗಿಯಿತು, ಬಲಗೈ ಮುಗಿಯಿತು, ಸಾಹುಕಾರನ ಕೈ ಎತ್ತಿಕೊಂಡೆ. ಮುಂದಿನವರು ನಕ್ಕರು. ನನ್ನ ಮೈಗೆ ಈಗ ಅರ್ಧ ಸೆಕೆಂಡಿನ ಅಭ್ಯಾಸ. ಮುಂದಿನ ಮಾತು ಆಡಿಬಿಟ್ಟೆ, ಹಿಂದಿನ ಕುರ್ಚಿಗಳ ನಗುವಿನಲ್ಲಿ ಅದು ಮುಳುಗಿತು. ಪರದೆಯ ಪಕ್ಕಕ್ಕೆ ಕಣ್ಣು ಹಾಯಿಸಿದೆ. ಅಂಗೈ ತೋರಿಸುತ್ತಿದ್ದ ಹಿರಿಯರು ತೀರಿಕೊಂಡು ಹತ್ತು ವರ್ಷವಾಗಿದೆ. ಅಲ್ಲಿ ಪರದೆ ಎಳೆಯುವ ಹುಡುಗನೊಬ್ಬ ನಿಂತು ನನ್ನ ಕೈಯನ್ನೇ ನೋಡುತ್ತಿದ್ದ.

ರಾತ್ರಿ ಒಂದೂವರೆಗೆ ಎರಡನೆಯ ಆಟ ಶುರುವಾಯಿತು. ಆ ಸಲ ಹಿಂದಿನವರು ನಗುವ ತನಕ ಕಾದೆ.